ಮಂಠಾಳದ ಕಲ್ಲಿಗೆ ಎಂಥ ಚಾಸಿ?

ಮಂಠಾಳ, ಬಸವಕಲ್ಯಾಣದ ಕಡೆ ಬಂಡೆ ಹತ್ತುವ ರಿಮೋಟ್ ಕಾರಿಗೆ ಜಾಗ ಹುಡುಕಬೇಕಿಲ್ಲ. ಕಪ್ಪು ಬಸಾಲ್ಟ್ ಕಲ್ಲೇ ಕಾಲಿಗೆ ತೊಡರುತ್ತದೆ. ಮನೆಯಲ್ಲೇ ಚಾಸಿ ಮಾಡಹೊರಟವರು ಮೊದಲು ತೂಕ ನೋಡಲಿ.

ಉಕ್ಕು ಅಲ್ಯುಮಿನಿಯಂಗಿಂತ ಹೆಚ್ಚುಕಡಿಮೆ 3 ಪಟ್ಟು ಭಾರ. ಭಾರ ಮೇಲಿದ್ದರೆ ಇಳಿಜಾರಿನಲ್ಲಿ ಗಾಡಿ ಮಗುಚುವುದು ಖಂಡಿತ. 1:10 ಅಳತೆಯ ಗಾಡಿಯ ಪಕ್ಕದ ಪಟ್ಟಿಗೆ 3 ಮಿ.ಮೀ. ಅಲ್ಯುಮಿನಿಯಂ ಧಾರಾಳ ಸಾಕು. ಹ್ಯಾಕ್‌ಸಾ, ಅರ, ಡ್ರಿಲ್ ಇದ್ದರಾಯಿತು. ಕಿಟಕಿ ಚೌಕಟ್ಟಿನ ತೆಳು ಪಟ್ಟಿ ಮಾತ್ರ ಬೇಡ, ಒಮ್ಮೆ ಬಾಗಿದರೆ ಬಾಗಿದಂತೆಯೇ ಉಳಿಯುತ್ತದೆ. ಅಕ್ರಿಲಿಕ್ ಹಾಳೆಯೂ ಬೇಡ: ಸ್ಕ್ರೂ ತೂತಿನಿಂದಲೇ ಬಿರುಕು ಶುರು.

ಬೀದರಿನ ಹೆಮ್ಮೆಯ ಬಿದರಿ ಲೋಹ? ಅದರಲ್ಲಿ ಬಹುಪಾಲು ಸತು. ಹೂದಾನಿಗೆ ಚೆಂದ, ಗಾಡಿಗೆ ಹೊರೆ.

ಕಲ್ಲಿಗೆ ಉಜ್ಜುವ ತಳಕ್ಕೆ ತರಕಾರಿ ಹೆಚ್ಚುವ ಎಚ್‌ಡಿಪಿಇ ಪ್ಲಾಸ್ಟಿಕ್ ಮಣೆಯೇ ಲೇಸು. ಸಿಕ್ಕಿಕೊಳ್ಳದೆ ಜಾರುತ್ತದೆ. ಅದನ್ನು ಅಂಟಿಸಹೋಗಬೇಡಿ, ಅಂಟು ಹಿಡಿಯದು, ಬೋಲ್ಟ್ ಹಾಕಿ.