ಕೊನೆಯ ಬೆಂಚಿನಲ್ಲಿ ಕುಳಿತವರು

ಭಾನುವಾರದ ಬಲಿಪೂಜೆಗೆ ಬಂದವರೆಲ್ಲರೂ ನಮ್ಮ ಧರ್ಮಕೇಂದ್ರದ ಪಟ್ಟಿಯಲ್ಲಿರುವವರೇ ಎಂದುಕೊಳ್ಳಬೇಡಿ. ಬಾಗಿಲ ಬಳಿಯ ಕೊನೆಯ ಬೆಂಚನ್ನೊಮ್ಮೆ ಗಮನಿಸಿ. ಯಾವಾಗ ನಿಲ್ಲಬೇಕು, ಯಾವಾಗ ಮೊಣಕಾಲೂರಬೇಕು ಎಂದು ಅಕ್ಕಪಕ್ಕದವರನ್ನು ನೋಡಿ ತಿಳಿಯುತ್ತ ಕುಳಿತ ಒಬ್ಬರು ಅಲ್ಲಿರಬಹುದು. ಶಿವಾಜಿನಗರದ ಸಂತ ಮೇರಿ ಬಸಿಲಿಕದ ಸೆಪ್ಟೆಂಬರ್ 8ರ ಹಬ್ಬಕ್ಕೆ, ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಅನ್ಯಧರ್ಮದ ಸಹೋದರ ಸಹೋದರಿಯರು ಹರಕೆ ಹೊತ್ತು ಬರುವುದು ನಮಗೆ ಹೊಸದಲ್ಲ. ಈ ವಾರ ನಾವು ನೆನೆಯಬೇಕಾದದ್ದು ಹರಕೆಯೂ ಇಲ್ಲದೆ, ಯಾರೂ ಕರೆಯದೆ, ಮನಸ್ಸಿನಲ್ಲಿ ದೇವರನ್ನು ಹುಡುಕುತ್ತ ಸಾಧಾರಣ ಭಾನುವಾರವೊಂದರಲ್ಲಿ ಒಳಗೆ ಕಾಲಿಟ್ಟವರನ್ನು. ನಮ್ಮ ಆರಾಧನೆಯಿಂದ ಅವರಿಗೇನು ಸಿಗುತ್ತದೆ?

ಕೊರಿಂಥದ ಸಭೆಯಲ್ಲಿ ಈ ಪ್ರಶ್ನೆ ಆಗಲೇ ಎದ್ದಿತ್ತು. ಸಂತ ಪೌಲರ ಮೊದಲನೆಯ ಪತ್ರದ 14ನೆಯ ಅಧ್ಯಾಯ ಓದಿ ನೋಡಿ. ಎಲ್ಲರೂ ಅರ್ಥವಾಗದ ಭಾಷೆಗಳಲ್ಲಿ ಮಾತನಾಡುತ್ತಿರುವಾಗ ಹೊರಗಿನವರೊಬ್ಬರು ಬಂದರೆ ನಿಮಗೆ ಹುಚ್ಚು ಹಿಡಿದಿದೆ ಎನ್ನುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಅದೇ ವ್ಯಕ್ತಿಗೆ ತಿಳಿಯುವ ಮಾತು ಕಿವಿಗೆ ಬಿದ್ದರೆ, ಹೃದಯದ ಗುಟ್ಟು ಬಯಲಾಗಿ, ದೇವರು ನಿಜವಾಗಿ ನಿಮ್ಮ ನಡುವೆ ಇದ್ದಾರೆಂದು ಅಡ್ಡಬೀಳುತ್ತಾನೆ.

ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ದೈವಾರಾಧನೆಯ ಶಾಸನವನ್ನು ಪ್ರಕಟಿಸಿ ಜನರ ಭಾಷೆಗೆ ಬಾಗಿಲು ತೆರೆಯಿತು. 1969ರಲ್ಲಿ ಭಾರತದ ಧರ್ಮಸಭೆಗೆ ಆರತಿ, ಎಣ್ಣೆಯ ದೀಪ, ಕೈಮುಗಿದು ನಮಿಸುವುದು ಮುಂತಾದ 12 ಅಂಶಗಳಿಗೆ ಅನುಮತಿ ದೊರೆಯಿತು. ಬಾಗಿಲೇನೋ ತೆರೆದಿದೆ. ಆದರೆ ವಾಚನ ಓದುವವರು ಒಂದೇ ಉಸಿರಿಗೆ ಓಡಿಸಿಬಿಟ್ಟರೆ ಕನ್ನಡಕ್ಕೂ ಲತೀನಿಗೂ ವ್ಯತ್ಯಾಸವೇನು?

ಹಾಗಾದರೆ ಬಂದವರ ರುಚಿಗೆ ತಕ್ಕಂತೆ ಆರಾಧನೆಯನ್ನೇ ಬದಲಾಯಿಸಬೇಕೇ? ಅಮೆರಿಕದ ಶಿಕಾಗೊ ಬಳಿ 1975ರಲ್ಲಿ ಆರಂಭವಾದ ವಿಲ್ಲೊ ಕ್ರೀಕ್ ಎಂಬ ಪ್ರಾಟೆಸ್ಟೆಂಟ್ ಸಭೆ ಆ ದಾರಿ ಹಿಡಿಯಿತು. ವಾರಾಂತ್ಯದಲ್ಲಿ ಹುಡುಕಿ ಬಂದವರಿಗಾಗಿ ಸಂಗೀತ, ಕಿರುನಾಟಕ. ವಿಶ್ವಾಸಿಗಳ ಆರಾಧನೆ ವಾರದ ನಡುವೆ. ಅವರ ಕಾಳಜಿ ಮೆಚ್ಚತಕ್ಕದ್ದೇ. ಆದರೆ ನಮ್ಮ ಭಾನುವಾರದ ಬಲಿಪೂಜೆಯನ್ನು ಹಾಗೆ ಎರಡು ಮಾಡಲಾಗದು.

ಮಾಡಬೇಕಾದ ಅಗತ್ಯವೂ ಇಲ್ಲವೆಂಬುದಕ್ಕೆ ಇಬ್ಬರ ಬದುಕು ನೋಡಿ. ವಿಶ್ವಾಸ ಕಳೆದುಕೊಂಡಿದ್ದ 18ರ ತರುಣ ಪೌಲ್ ಕ್ಲೋದೆಲ್ 1886ರ ಕ್ರಿಸ್ತಜಯಂತಿಯಂದು ಪ್ಯಾರಿಸ್ಸಿನ ನೋತ್ರ್ ದಾಮ್ ಪ್ರಧಾನಾಲಯಕ್ಕೆ ಹೋದದ್ದು ಬರವಣಿಗೆಗೆ ಸರಕು ಸಿಕ್ಕೀತೆಂದು. ಬೆಳಗಿನ ಬಲಿಪೂಜೆ ಅವನನ್ನು ಅಷ್ಟಾಗಿ ಮುಟ್ಟಲಿಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ಸಂಜೆಯ ಪ್ರಾರ್ಥನೆಗೆ ಮತ್ತೆ ಬಂದ. ಗಾನವೃಂದದ ಬಾಲಕರು ಮರಿಯಮ್ಮನವರ ಸ್ತುತಿಗೀತೆ ಹಾಡುತ್ತಿದ್ದಾಗ ಒಂದೇ ಕ್ಷಣದಲ್ಲಿ ಅವನ ಹೃದಯ ಕರಗಿತು, ನಂಬಿದ. ಪೂರ್ಣವಾಗಿ ಧರ್ಮಸಭೆಗೆ ಮರಳಲು ಮತ್ತೆ ನಾಲ್ಕು ವರ್ಷ ಹಿಡಿಯಿತು, ಆ ಮಾತು ಬೇರೆ. ಬಾಲಕರು ಅವನಿಗಾಗಿ ಹಾಡಲಿಲ್ಲ, ದೇವರಿಗೆ ಹಾಡಿದರು.

ಇನ್ನೊಬ್ಬರು ಎಡಿತ್ ಸ್ಟೈನ್. ಯೆಹೂದ್ಯ ಮನೆತನದಲ್ಲಿ ಹುಟ್ಟಿ, ಹರೆಯದಲ್ಲೇ ಪ್ರಾರ್ಥನೆ ಬಿಟ್ಟ ತತ್ವಶಾಸ್ತ್ರ ವಿದ್ಯಾರ್ಥಿನಿ. 1916ರಲ್ಲಿ ಫ್ರಾಂಕ್‌ಫರ್ಟಿನ ಪ್ರಧಾನಾಲಯವನ್ನು ನೋಡಲೆಂದು ಹೋದಾಗ, ಸಂತೆಯ ಬುಟ್ಟಿ ಹಿಡಿದ ಹೆಂಗಸೊಬ್ಬಳು ಒಳಬಂದು ಮೊಣಕಾಲೂರಿ ಚಿಕ್ಕದೊಂದು ಪ್ರಾರ್ಥನೆ ಮಾಡುವುದನ್ನು ಕಂಡರು. ಪೂಜೆಯೇ ಇಲ್ಲದ ಹೊತ್ತಿನಲ್ಲಿ, ಆಪ್ತರೊಡನೆ ಮಾತಾಡಿದಂತೆ! ಅದನ್ನು ಅವರು ಮರೆಯಲೇ ಇಲ್ಲ. 1922ರ ಜನವರಿ 1ರಂದು ದೀಕ್ಷಾಸ್ನಾನ ಪಡೆದರು, ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯಾದರು, 1942ರಲ್ಲಿ ಆಶ್‌ವಿಟ್ಜ್‌ನಲ್ಲಿ ಹತರಾದರು. 1998ರಲ್ಲಿ ಸಂತ ಪದವಿಗೇರಿಸಲ್ಪಟ್ಟರು. ತರಕಾರಿ ಕೊಂಡು ಮನೆಗೆ ಹೊರಟಿದ್ದಿರಬಹುದಾದ ಆ ತಾಯಿಯ ಹೆಸರು ಯಾರಿಗೂ ಗೊತ್ತಿಲ್ಲ. ಬಲಿಪೂಜೆಯ ನಡುವೆ ಗಡಿಯಾರ ನೋಡುವಾಗ, ಹೊರಗೆ ನಿಂತು ಹರಟುವಾಗ, ನಮ್ಮನ್ನೂ ಯಾರೋ ನೋಡುತ್ತಿರುತ್ತಾರೆ.

ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದ ಘಳಿಗೆ: ಪರಮಪ್ರಸಾದ. ನಮ್ಮ ನಾಡಿನ ಗುಡಿಗಳಲ್ಲಿ ಕೈಚಾಚಿದವರಿಗೆಲ್ಲ ಪ್ರಸಾದ ಸಿಗುತ್ತದೆ. ಕೊಟ್ಟದ್ದನ್ನು ಬೇಡವೆನ್ನುವುದೇ ಅಪಚಾರ. ಆದ್ದರಿಂದ ಅತಿಥಿ ಸಾಲಿನಲ್ಲಿ ಬಂದು ನಿಂತರೆ ಅದು ಉದ್ಧಟತನವಲ್ಲ, ಭಕ್ತಿ. ಎಲ್ಲರೆದುರು ತೋಳು ಹಿಡಿದು ಪಕ್ಕಕ್ಕೆ ಸರಿಸಿದರೆ ಅವರು ಮತ್ತೆ ನಮ್ಮ ಬಾಗಿಲು ತುಳಿಯಲಾರರು. ನೀವೇ ಕರೆತಂದಿದ್ದರೆ ಮನೆಯಲ್ಲೇ ತಿಳಿಸಿ. ಅಪರಿಚಿತರು ಪಕ್ಕದಲ್ಲಿದ್ದರೆ ಸಾಲು ಹೊರಡುವ ಮೊದಲೇ ಮೆಲ್ಲಗೆ ಹೇಳಿ: “ಇದು ಪ್ರಭುವಿನ ದೇಹವೆಂದು ನಂಬಿ ದೀಕ್ಷೆ ಪಡೆದವರು ಸ್ವೀಕರಿಸುವುದು. ನೀವು ಇಲ್ಲೇ ಕುಳಿತು ನಿಮ್ಮ ಮನಸ್ಸಿನಲ್ಲಿರುವುದನ್ನು ದೇವರಿಗೆ ಹೇಳಿಕೊಳ್ಳಿ. ನಿಮಗಾಗಿ ನಾನೂ ಪ್ರಾರ್ಥಿಸುತ್ತೇನೆ.” ಹೇಳಿದ ಮೇಲೆ ಪ್ರಾರ್ಥಿಸಲು ಮರೆಯಬೇಡಿ. ಆದಿ ಧರ್ಮಸಭೆಯಲ್ಲಿ ದೀಕ್ಷಾರ್ಥಿಗಳು ವಾಕ್ಯ ಕೇಳಿ, ಪ್ರಬೋಧನೆಯ ನಂತರ ಆಶೀರ್ವಾದ ಪಡೆದು ಹೊರಡುತ್ತಿದ್ದರು. ಹಲವರು ವರ್ಷಗಟ್ಟಲೆ ಹೀಗೆ ಕಾಯುತ್ತಿದ್ದರು. ಆ ಹಂತಹಂತದ ದಾರಿಯನ್ನೇ ಧರ್ಮಸಭೆ 1972ರಲ್ಲಿ ವಯಸ್ಕರ ದೀಕ್ಷಾವಿಧಿಯಾಗಿ ಮತ್ತೆ ಜಾರಿಗೆ ತಂದಿತು. ಕಾಯುವುದೆಂದರೆ ಹೊರಗಾಗುವುದಲ್ಲ.

ಪೂಜೆ ಮುಗಿದ ಮೇಲೆ ಊರು, ಜಾತಿ, ವಿಳಾಸಗಳ ವಿಚಾರಣೆ ಬೇಡ. ನಮಸ್ಕಾರ ಹೇಳಿ. ಅವರು ಏನಾದರೂ ಕೇಳಿದರೆ ನಿಮಗೆ ತಿಳಿದಷ್ಟನ್ನು ಹೇಳಿ. ಹೆಚ್ಚು ತಿಳಿಯಬೇಕೆಂದರೆ ಗುರುಗಳ ಬಳಿಗೆ ನೀವೇ ಜೊತೆಯಲ್ಲಿ ಹೋಗಿ. ಏನೂ ಕೇಳದೆ ಹೊರಟರೆ ಹೋಗಲಿ ಬಿಡಿ. ಕ್ಲೋದೆಲ್ ಕೂಡ ಅಂದು ಸಂಜೆ ಯಾರೊಡನೆಯೂ ಮಾತಾಡದೆ ಮನೆಗೆ ಹೋಗಿದ್ದರೆ ಆಶ್ಚರ್ಯವಿಲ್ಲ.