ಬೆವರು, ಉಪ್ಪು ಮತ್ತು ಹಸಿ ಹವೆ



ಗೋಡೆ ಪತ್ರಿಕೆಯ ವಿಜ್ಞಾನ ವಿಭಾಗಕ್ಕೆ ಈ ಸಲ ನೀನೇ ಬರೆಯಬೇಕು ಎಂದು ಸರ್ ಹೇಳಿದರು. ಯಾವ ವಿಷಯ ಎಂದು ನಾನು ಬಹಳ ಹುಡುಕಲಿಲ್ಲ. ನಮ್ಮ ಮನೆಯವರೇ ಕಂಡ ಒಂದು ರೋಗದ ಬಗ್ಗೆ ಬರೆಯುತ್ತಿದ್ದೇನೆ. ಇದರ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಹೆಸರು ಕಠಿಣ, ಆದರೆ ತಿಳಿದುಕೊಳ್ಳುವುದು ಕಠಿಣವಲ್ಲ.

1. ಕರು ನೆಕ್ಕಿದ ಕೈ

ನಮ್ಮ ಚಿಗವ್ವ ಮತ್ತು ಕಾಕಾ ನೌಕರಿ ಸಲುವಾಗಿ ಸಮುದ್ರದ ದಂಡೆಯ ಊರಿನಲ್ಲಿ ಇದ್ದಾರೆ. ಅವರ ಮಗನಿಗೆ ಆರು ವರ್ಷ. ನಾನು ಅವನನ್ನು ತಮ್ಮ ಅಂತಲೇ ಕರೆಯುತ್ತೇನೆ. ಹೋದ ವರ್ಷ ಅವರೆಲ್ಲ ನಮ್ಮೂರ ಚಾಂಗದೇವರ ಉರುಸಿಗೆ ಬಂದಿದ್ದರು. ಆಗಲೇ ಬ್ಯಾಸಗಿ ಬಿಸಿಲು ಸುರು ಆಗಿತ್ತು. ತಮ್ಮ ದಿನವಿಡೀ ಓಡಾಡಿ ಸಂಜೆ ಬಂದು ನಮ್ಮ ಆಕಳ ಕರುವಿನ ಹತ್ತಿರ ನಿಂತ. ಕರು ಅವನ ಕೈ ನೆಕ್ಕಲು ಹತ್ತಿತು, ಬಿಡಲೇ ಇಲ್ಲ. ನಾನು ಕೈ ಕೊಟ್ಟರೆ ಒಮ್ಮೆ ನೆಕ್ಕಿ ಮತ್ತೆ ಅವನ ಕಡೆಗೇ ಹೋಯಿತು. ಅವನ ಹಣೆಯ ಮೇಲೆ ಬೆವರು ಆರಿ ಬಿಳಿ ಗೆರೆ ಮೂಡಿತ್ತು. ಅವ್ವ ಅವನಿಗೆ ಮುದ್ದು ಕೊಟ್ಟು, “ಏನವಾ ಇದು, ಹುಡುಗನ ಗಲ್ಲ ಇಷ್ಟ ಉಪ್ಪುಪ್ಪು ಹತ್ತತೈತಿ!” ಅಂದಳು. “ಸಮುದ್ರದ ದಂಡಿ ಹುಡುಗ, ಉಪ್ಪಿರದ ಮತ್ತೇನು” ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವನಿಗೆ ಕೂಸಿದ್ದಾಗಿನಿಂದಲೂ ಕೆಮ್ಮು. ಎಷ್ಟು ಉಂಡರೂ ಮೈ ಹಿಡಿಯುತ್ತಿರಲಿಲ್ಲ. ಅವನಿಗಿಂತ ಮೊದಲು ಹುಟ್ಟಿದ ಹೆಣ್ಣು ಕೂಸು ಹತ್ತು ತಿಂಗಳಿಗೇ ತೀರಿಕೊಂಡಿತ್ತು. ಅದಕ್ಕೂ ಕೆಮ್ಮು, ಅದೂ ಸೊರಗಿತ್ತು. ಯಾಕೆ ಹೋಯಿತು ಎಂದು ಯಾರಿಗೂ ತಿಳಿದಿರಲಿಲ್ಲ. ಕೆಲವರು ಚಿಗವ್ವನ ಹಾಲೇ ಸರಿಯಿಲ್ಲ ಅಂದಿದ್ದರು. ಅದಕ್ಕೇ ಅವಳು ಈ ಮಗನ ಸಲುವಾಗಿ ಹರಕೆ ಹೊತ್ತು ಉರುಸಿಗೆ ಬಂದಿದ್ದಳು.

ನಾಲ್ಕು ದಿನ ಇದ್ದು ಹೋದರು. ಮೇ ತಿಂಗಳ ಕೊನೆಗೆ ಫೋನ್ ಬಂತು. ಅಲ್ಲಿ ಮೋಡ ಕವಿದಿದೆ, ಮಳೆ ಬಂದಿಲ್ಲ, ವಿಪರೀತ ಸೆಕೆ. ತಮ್ಮನಿಗೆ ಎರಡು ಸಲ ವಾಂತಿ ಆಗಿ ಕೈಕಾಲು ಸೋತು ಮಲಗಿಬಿಟ್ಟಿದ್ದಾನೆ. ಜ್ವರ ಇಲ್ಲ, ಭೇದಿ ಇಲ್ಲ. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಅದರಲ್ಲಿ ಉಪ್ಪಿನ ಅಂಶ ಬಹಳ ಕಡಿಮೆ. ಡಾಕ್ಟರ್ ಒಂದು ಪ್ರಶ್ನೆ ಕೇಳಿದರಂತೆ: “ಮಗುವಿಗೆ ಮುದ್ದು ಕೊಟ್ಟಾಗ ಉಪ್ಪು ಹತ್ತುತ್ತದೆಯೇ?” ಚಿಗವ್ವನಿಗೆ ನಮ್ಮ ಕರು ನೆನಪಾಯಿತು. ಮುಂದೆ ಬೆಂಗಳೂರಿಗೆ ಹೋಗಿ ಬೆವರಿನ ಪರೀಕ್ಷೆ ಮಾಡಿಸಿದ ಮೇಲೆ ರೋಗದ ಹೆಸರು ತಿಳಿಯಿತು.

ನನಗೆ ಒಂದು ಪ್ರಶ್ನೆ ಉಳಿಯಿತು. ನಮ್ಮೂರ ಸುಡುಬಿಸಿಲಿನಲ್ಲಿ ಕುಣಿದಾಡಿದ ಹುಡುಗ, ಬಿಸಿಲು ನಮ್ಮಷ್ಟಿಲ್ಲದ ಊರಿನಲ್ಲಿ, ಮೋಡದ ನೆರಳಿನಲ್ಲಿ ಯಾಕೆ ಬಿದ್ದ?

2. ಹರವಿ ಕಲಿಸಿದ ಪಾಠ

ಉತ್ತರ ನಮ್ಮ ನೀರಿನ ಹರವಿಯಲ್ಲಿದೆ. ಮಣ್ಣಿನ ಹರವಿಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಅವುಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆರುತ್ತದೆ. ಆರುವಾಗ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. 1 ಗ್ರಾಂ ನೀರನ್ನು 1 ಡಿಗ್ರಿ ಕಾಯಿಸಲು 1 ಕ್ಯಾಲೊರಿ ಸಾಕು. ಅದೇ 1 ಗ್ರಾಂ ಬೆವರು ಆರಿಹೋಗುವಾಗ ಸುಮಾರು 580 ಕ್ಯಾಲೊರಿ ಶಾಖ ಒಯ್ಯುತ್ತದೆ. ಆದ್ದರಿಂದಲೇ ಏಪ್ರಿಲ್‌ನಲ್ಲಿ ಹರವಿ ನೀರು ತಣ್ಣಗೆ ಇರುತ್ತದೆ. ಆದರೆ ಜುಲೈದಾಗ ನೋಡ್ರಿ, ಹರವಿ ನೀರು ಅಷ್ಟು ತಂಪಾಗಂಗಿಲ್ಲ. ಯಾಕಂದ್ರ ಗಾಳಿ ಮೊದಲೇ ಹಸಿ. ಅದಕ್ಕೆ ಇನ್ನಷ್ಟು ನೀರು ಹೀರಲು ಜಾಗವಿಲ್ಲ.

ಮಾಡಿ ನೋಡಿ: ಎರಡು ಉಷ್ಣತಾಮಾಪಕ ತೆಗೆದುಕೊಳ್ಳಿ. ಒಂದರ ಬುಡಕ್ಕೆ ಹಸಿ ಅರಿವೆ ಸುತ್ತಿ. ಎರಡನ್ನೂ ನೆರಳಿನಲ್ಲಿ ಗಾಳಿಗೆ ತೂಗುಹಾಕಿ. ನಾವು ಏಪ್ರಿಲ್‌ನಲ್ಲಿ ಶಾಲೆಯ ಪಡಸಾಲೆಯಲ್ಲಿ ನೋಡಿದಾಗ ಒಣ ಮಾಪಕ 38 ಡಿಗ್ರಿ, ಹಸಿ ಮಾಪಕ 24 ಡಿಗ್ರಿ ತೋರಿಸಿತು. ಜುಲೈನಲ್ಲಿ ಒಣದು 27, ಹಸಿದು 25. ವ್ಯತ್ಯಾಸ ಹೆಚ್ಚಿದ್ದರೆ ಹವೆ ಒಣ, ಕಡಿಮೆ ಇದ್ದರೆ ಹವೆ ಹಸಿ.

ನಮ್ಮ ಮೈಯೂ ಹರವಿಯ ಹಾಗೆಯೇ. ಮೈಯನ್ನು ತಂಪು ಮಾಡುವುದು ಬೆವರು ಬರುವುದರಿಂದಲ್ಲ, ಬೆವರು ಆರುವುದರಿಂದ. ಒಣ ಹವೆಯಲ್ಲಿ ಬೆವರು ಬಂದಂತೆ ಆರುತ್ತದೆ. ಹಸಿ ಹವೆಯಲ್ಲಿ ಬೆವರು ಆರದೆ ಹನಿಯಾಗಿ ಸುರಿಯುತ್ತದೆ. ಮೈ ತಂಪಾಗಲಿಲ್ಲ ಎಂದು ದೇಹ ಇನ್ನೂ ಬೆವರು ಸುರಿಸುತ್ತದೆ. ಅದೂ ಆರುವುದಿಲ್ಲ. ಹೀಗೆ ನೀರು ಮತ್ತು ಉಪ್ಪು ಎರಡೂ ವ್ಯರ್ಥವಾಗಿ ಹೋಗುತ್ತವೆ.

3. ತೆರೆಯದ ಬಾಗಿಲು

ನಮ್ಮ ನಿಮ್ಮ ಬೆವರಿನಲ್ಲೂ ಉಪ್ಪು ಇದೆ. ಆದರೆ ದೇಹ ಉಪ್ಪಿನ ವಿಷಯದಲ್ಲಿ ಬಹಳ ಜಿಪುಣ. ಬೆವರಿನ ಗ್ರಂಥಿಯ ಬುಡದಲ್ಲಿ ಬೆವರು ಉಪ್ಪಾಗಿಯೇ ಹುಟ್ಟುತ್ತದೆ. ಅದು ಸಣ್ಣ ನಳಿಕೆಯಲ್ಲಿ ಮೇಲೆ ಬರುವಾಗ ಜೀವಕೋಶಗಳು ಉಪ್ಪನ್ನು ವಾಪಸು ಒಳಗೆ ಎಳೆದುಕೊಳ್ಳುತ್ತವೆ. ಇದಕ್ಕೆ ಜೀವಕೋಶದ ಪೊರೆಯಲ್ಲಿ ಒಂದು ಪ್ರೋಟೀನಿನ ಬಾಗಿಲು ಇದೆ. ಅದರ ಹೆಸರು ಸಿ.ಎಫ್.ಟಿ.ಆರ್. ಈ ಬಾಗಿಲನ್ನು ಮಾಡಿಸುವ ಜೀನ್ ನಮ್ಮ 7ನೇ ವರ್ಣತಂತುವಿನಲ್ಲಿದೆ. ಇದನ್ನು 1989ರಲ್ಲಿ ಲ್ಯಾಪ್ ಚೀ ತ್ಸುಯಿ, ಫ್ರಾನ್ಸಿಸ್ ಕಾಲಿನ್ಸ್ ಮತ್ತು ಜಾನ್ ರಿಯೋರ್ಡನ್ ಅವರ ತಂಡಗಳು ಕಂಡುಹಿಡಿದವು.

ಸಿಸ್ಟಿಕ್ ಫೈಬ್ರೋಸಿಸ್ ಇರುವವರಲ್ಲಿ ಈ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಬೆವರಿನ ನಳಿಕೆಯಲ್ಲಿ ಉಪ್ಪು ವಾಪಸು ಬರಲಾರದೆ ಹೊರಗೆ ಹೋಗಿಬಿಡುತ್ತದೆ. ಶ್ವಾಸಕೋಶದಲ್ಲಿ ಇದರ ಉಲ್ಟಾ. ಅಲ್ಲಿ ಉಪ್ಪು ಮತ್ತು ಅದರ ಹಿಂದೆ ನೀರು ಹೊರಗೆ ಬಂದು ಕಫವನ್ನು ತೆಳ್ಳಗೆ ಇಡಬೇಕು. ಬಾಗಿಲು ಮುಚ್ಚಿದ್ದರಿಂದ ಕಫ ಗೋಂದಿನ ಹಾಗೆ ಅಂಟಾಗುತ್ತದೆ, ಅದರಲ್ಲಿ ರೋಗಾಣುಗಳು ಮನೆ ಮಾಡುತ್ತವೆ. ಮೇದೋಜೀರಕ ಗ್ರಂಥಿಯ ನಳಿಕೆಗಳೂ ಕಟ್ಟಿಕೊಳ್ಳುವುದರಿಂದ ಉಂಡದ್ದು ಮೈಗೆ ಹತ್ತುವುದಿಲ್ಲ. ಕೆಮ್ಮು, ಸೊರಗು, ಉಪ್ಪು ಬೆವರು ಈ ಮೂರಕ್ಕೂ ಮೂಲ ಒಂದೇ ಬಾಗಿಲು.

4. ಸೆಕೆಯಿಂದ ಸಿಕ್ಕ ಗುಟ್ಟು

ಈ ರೋಗವನ್ನು 1938ರಲ್ಲಿ ನ್ಯೂಯಾರ್ಕಿನ ವೈದ್ಯೆ ಡೊರೋಥಿ ಆಂಡರ್ಸನ್ ಮೊದಲು ವಿವರವಾಗಿ ಬರೆದರು. ಆದರೆ ಬೆವರಿನ ಗುಟ್ಟು ಆಗ ತಿಳಿದಿರಲಿಲ್ಲ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ವಿಪರೀತ ಸೆಕೆ ಬಿತ್ತು. ಸೆಕೆಗೆ ಬಳಲಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಈ ರೋಗದವರು ಬಹಳ ಇದ್ದುದನ್ನು ಅಲ್ಲಿನ ವೈದ್ಯರು ಗಮನಿಸಿದರು. ಪಾಲ್ ಡಿ ಸ್ಯಾಂಟ್ ಆ್ಯಗ್ನೀಸ್ ಎಂಬ ವೈದ್ಯರು ಇದರ ಬೆನ್ನು ಹತ್ತಿ, ಈ ಮಕ್ಕಳ ಬೆವರಿನಲ್ಲಿ ಉಪ್ಪು ಬಹಳ ಹೆಚ್ಚು ಎಂದು 1953ರಲ್ಲಿ ಪ್ರಕಟಿಸಿದರು. ನಮ್ಮ ಕರು ನೆಕ್ಕಿ ತಿಳಿದದ್ದನ್ನೇ ಅವರು ಅಳೆದು ತೋರಿಸಿದರು.

1959ರಲ್ಲಿ ಗಿಬ್ಸನ್ ಮತ್ತು ಕುಕ್ ಎಂಬವರು ಇದಕ್ಕೆ ಸುಲಭ ಪರೀಕ್ಷೆ ತಂದರು. ಮುಂಗೈಗೆ ಪೈಲೋಕಾರ್ಪಿನ್ ಎಂಬ ಔಷಧ ಹಚ್ಚಿ, ಸಣ್ಣ ವಿದ್ಯುತ್ ಹರಿಸಿ ಬೆವರು ಬರಿಸುತ್ತಾರೆ. ಸೂಜಿ ಚುಚ್ಚುವುದಿಲ್ಲ. ಒಂದು ಲೀಟರಿಗೆ ಕ್ಲೋರೈಡ್ 30 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯ. 60 ಅಥವಾ ಹೆಚ್ಚು ಬಂದರೆ ಈ ರೋಗವೆಂದು ತಿಳಿಯುತ್ತಾರೆ.

ಇದು ಬಿಳಿಯರ ರೋಗ, ನಮ್ಮಲ್ಲಿ ಇಲ್ಲ ಎಂದು ಬಹಳ ಕಾಲ ನಂಬಿದ್ದರು. ಭಾರತದ ಮಕ್ಕಳಲ್ಲಿ ಇದು ಕಂಡ ವರದಿಗಳು 1968ರಿಂದ ಬಂದಿವೆ. ಈಗ ದೆಹಲಿಯ ಏಮ್ಸ್, ವೆಲ್ಲೂರಿನ ಸಿ.ಎಂ.ಸಿ. ಮುಂತಾದ ಕಡೆ ಇದಕ್ಕೆ ಚಿಕಿತ್ಸೆ ಇದೆ. ಆದರೆ ಕೆಮ್ಮು ಎಂದರೆ ನ್ಯುಮೋನಿಯಾ ಇಲ್ಲವೇ ಟಿ.ಬಿ., ಸೊರಗು ಎಂದರೆ ಊಟದ ಕೊರತೆ ಎಂದುಕೊಳ್ಳುವುದರಲ್ಲೇ ಎಷ್ಟೋ ಮಕ್ಕಳ ವರ್ಷಗಳು ಕಳೆಯುತ್ತವೆ.

5. ಹಸಿ ಹವೆಯ ಮೂರು ಪೆಟ್ಟು

ಮೊದಲನೆಯದು ಉಪ್ಪಿನ ನಷ್ಟ. ಬೆವರು ಆರದೆ ಸುರಿದಷ್ಟೂ ಈ ಮಕ್ಕಳ ರಕ್ತದ ಉಪ್ಪು ಇಳಿಯುತ್ತದೆ. ಸೋಡಿಯಂ, ಕ್ಲೋರೈಡ್, ಪೊಟ್ಯಾಸಿಯಂ ಕಡಿಮೆಯಾಗಿ ವಾಂತಿ, ಸುಸ್ತು, ಸ್ನಾಯು ಸೆಳೆತ ಬರಬಹುದು. ಚಿಕ್ಕ ಮಕ್ಕಳಿಗೆ ಇದು ಪ್ರಾಣಕ್ಕೇ ಅಪಾಯ.

ಎರಡನೆಯದು ಬಾಯಾರಿಕೆಯ ಮೋಸ. ನಮಗೆ ಬೆವರು ಬಂದಾಗ ನೀರು ಹೆಚ್ಚು, ಉಪ್ಪು ಕಡಿಮೆ ಹೋಗುತ್ತದೆ. ರಕ್ತ ಉಪ್ಪಾಗಿ, ಮಿದುಳು “ನೀರು ಕುಡಿ” ಎನ್ನುತ್ತದೆ. ಇವರಿಗೆ ನೀರಿನ ಜೊತೆ ಉಪ್ಪೂ ಬಹಳ ಹೋಗುವುದರಿಂದ ಮಿದುಳಿಗೆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಮೈ ಒಣಗಿದರೂ ನೀರಡಿಕೆ ಆಗುವುದಿಲ್ಲ. ತಮ್ಮನೂ ಆ ದಿನ ನೀರು ಬ್ಯಾಡ ಅಂದಿದ್ದನಂತೆ. ಬರೀ ನೀರನ್ನೇ ಕುಡಿಸಿದರೂ ಉಪ್ಪಿನ ಕೊರತೆ ತುಂಬುವುದಿಲ್ಲ. ಮೈ ಒಣಗಿದಂತೆ ಕಫವೂ ಇನ್ನಷ್ಟು ಗಟ್ಟಿಯಾಗುತ್ತದೆ.

ಮೂರನೆಯದು ಬೂಷ್ಟು. ಹಸಿ ಗೋಡೆ, ನೆನೆದ ಹೊಟ್ಟು, ಮೇವಿನ ಬಣವೆ, ಮುಗ್ಗಿದ ಕಾಳು ಇವುಗಳಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆಯುತ್ತದೆ. ಅದರ ಧೂಳು ಈ ಮಕ್ಕಳ ಅಂಟು ಕಫದಲ್ಲಿ ಸಿಕ್ಕಿಕೊಂಡು ದಮ್ಮು ಹೆಚ್ಚಿಸಬಹುದು. ನಿಂತ ನೀರು, ಒದ್ದೆ ಮೋರಿಗಳಲ್ಲಿ ಸ್ಯೂಡೋಮೊನಾಸ್ ಎಂಬ ರೋಗಾಣು ಇರುತ್ತದೆ. ಅದು ಇವರ ಶ್ವಾಸಕೋಶ ಸೇರಿದರೆ ಹೊರಡಿಸುವುದು ಕಷ್ಟ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ನಮ್ಮೂರ ಒಣ ಹವೆಯಲ್ಲಿ ಅವನ ಬೆವರು ಆರಿ ಮೈ ತಂಪಾಗುತ್ತಿತ್ತು. ಮೇಲಾಗಿ ನಮ್ಮ ಮನೆಯಲ್ಲಿ ಅವನು ರೊಟ್ಟಿ ಜೊತೆ ಉಪ್ಪಿನಕಾಯಿ ತಿಂದು, ಉಪ್ಪು ಹಾಕಿದ ಮಜ್ಜಿಗೆ ಕುಡಿದಿದ್ದ. ತನ್ನ ಊರಿನಲ್ಲಿ ಕೆಮ್ಮು ಎಂದು ಸಪ್ಪನ್ನ ಗಂಜಿ ಉಣ್ಣುತ್ತಿದ್ದ. ಹಾಗೆಂದು ಒಣ ಬಿಸಿಲು ಇವರಿಗೆ ಒಳ್ಳೆಯದು ಎಂದು ತಿಳಿಯಬೇಡಿ. ಅಲ್ಲಿಯೂ ಉಪ್ಪು ಹೋಗುತ್ತದೆ. ಹಣೆಯ ಬಿಳಿ ಗೆರೆಯೇ ಸಾಕ್ಷಿ.

6. ಹಸಿ ಗಾಳಿ ಕಫ ಕರಗಿಸುವುದಿಲ್ಲವೇ?

ನಾನು ಈ ಲೇಖನ ಓದಿ ತೋರಿಸಿದಾಗ ಗೆಳತಿಯೊಬ್ಬಳು ಇದನ್ನು ಕೇಳಿದಳು. ಒಳ್ಳೆಯ ಪ್ರಶ್ನೆ. ಅಮೆರಿಕದ ವೈದ್ಯರೂ ಮೊದಲು ಹಾಗೆಯೇ ತಿಳಿದಿದ್ದರು. 1950ರ ದಶಕದಿಂದ ಈ ಮಕ್ಕಳನ್ನು ರಾತ್ರಿ ಮಂಜು ತುಂಬಿದ ಗುಡಾರದಂಥ ಪರದೆಯೊಳಗೆ ಮಲಗಿಸುತ್ತಿದ್ದರು. ಹಾಸಿಗೆ ಒದ್ದೆ, ಕೂದಲು ಒದ್ದೆ. ಅದರಿಂದ ಪ್ರಯೋಜನವಿಲ್ಲ ಎಂದು ಕಂಡು 1970ರ ದಶಕದಲ್ಲಿ ಬಿಟ್ಟರು. ಬರೀ ತೇವಕ್ಕೆ ಆ ಅಂಟು ಕಫ ಕರಗುವುದಿಲ್ಲ.

ಆದರೆ ಉಪ್ಪು ನೀರಿನ ಸಣ್ಣ ಹನಿಗಳಿಗೆ ಕರಗುತ್ತದೆ. ಸಮುದ್ರದ ಅಲೆಗಳ ಮೇಲೆ ಹಲಗೆ ಆಟ ಆಡುವ ಕೆಲವು ರೋಗಿಗಳಿಗೆ ಉಸಿರಾಟ ಹಗುರಾಗುವುದನ್ನು ಆಸ್ಟ್ರೇಲಿಯಾದ ವೈದ್ಯರು ಗಮನಿಸಿದರು. ಮುಂದೆ 7 ಶೇಕಡಾ ಉಪ್ಪು ನೀರನ್ನು ಯಂತ್ರದಿಂದ ಸಣ್ಣ ಹನಿ ಮಾಡಿ ಉಸಿರಲ್ಲಿ ಎಳೆದುಕೊಂಡರೆ ಅನುಕೂಲ ಎಂಬುದು 2006ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಕಂಡಿತು. ಉಪ್ಪು ನೀರನ್ನು ತನ್ನ ಕಡೆ ಎಳೆದು ಕಫ ತೆಳ್ಳಗೆ ಮಾಡುತ್ತದೆ. ಇದು ಡಾಕ್ಟರ್ ಹೇಳಿದ ಮೇಲೆಯೇ ಮಾಡತಕ್ಕದ್ದು, ಮನೆಯ ಉಪ್ಪಿನಿಂದ ಅಲ್ಲ. ಬಾಗಿಲನ್ನೇ ಸರಿಮಾಡುವ ಗುಳಿಗೆಗಳು 2012ರಿಂದ ಬಂದಿವೆ. ಆದರೆ ಅವುಗಳ ಬೆಲೆ ಬಹಳ ಹೆಚ್ಚು, ಎಲ್ಲ ರೋಗಿಗಳಿಗೂ ಅವು ಹೊಂದುವುದಿಲ್ಲ.

7. ನಾವು ಏನು ಮಾಡಬಹುದು?

ತಮ್ಮನಿಗೆ ಈಗ ಡಾಕ್ಟರ್ ಅಳತೆ ಮಾಡಿ ಉಪ್ಪು ಬರೆದುಕೊಟ್ಟಿದ್ದಾರೆ. ಬಾಯಾರಿಕೆಗೆ ಕಾಯದೆ ಗಡಿಯಾರ ನೋಡಿ ಕುಡಿಸುತ್ತಾರೆ. ಸೆಕೆಯ ದಿನ ಓ.ಆರ್.ಎಸ್. ಕೊಡುತ್ತಾರೆ. ಪೊಟ್ಟಣ ಸಿಗದಾಗ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಪಂಖಾ ಹಾಕುತ್ತಾರೆ, ಯಾಕಂದ್ರ ಬೀಸುವ ಗಾಳಿ ಮೈ ಹತ್ತಿರದ ಹಸಿ ಗಾಳಿಯನ್ನು ಸರಿಸಿ ಬೆವರು ಆರಿಸುತ್ತದೆ. ದಿನಾ ಬೆನ್ನು ತಟ್ಟಿ ಕಫ ಹೊರಡಿಸುತ್ತಾರೆ. ಯಂತ್ರದ ಕೊಳವೆ ತೊಳೆದು ಪೂರ್ತಿ ಒಣಗಿಸುತ್ತಾರೆ.

ಗಮನಿಸಿ: ಈ ಉಪ್ಪಿನ ಮಾತು ಈ ರೋಗದವರಿಗೆ ಮಾತ್ರ. ಬಿ.ಪಿ. ಇರುವ ನಮ್ಮ ಅಜ್ಜ ಅಜ್ಜಿಯರಿಗೆ ಉಪ್ಪು ಕಡಿಮೆಯೇ ಇರಬೇಕು.

ಈ ರೋಗ ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಜೀನ್ ಬಂದಾಗ ಮಾತ್ರ ಮಗುವಿಗೆ ಬರುತ್ತದೆ. ಒಂದೊಂದೇ ಇದ್ದ ತಂದೆ ತಾಯಿಗೆ ತಮ್ಮಲ್ಲಿ ಇದೆ ಎಂದೇ ತಿಳಿಯುವುದಿಲ್ಲ. ಅಂಥವರ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ರಕ್ತಸಂಬಂಧದಲ್ಲಿ ಮದುವೆಯಾದರೆ ಒಂದೇ ಜೀನ್ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಚಿಗವ್ವನನ್ನು ಅವಳ ಸೋದರತ್ತೆಯ ಮಗನಿಗೇ ಕೊಟ್ಟಿದ್ದರು. ಇದರಲ್ಲಿ ಅವಳ ಹಾಲಿನ ತಪ್ಪಿಲ್ಲ, ಕಾಲ್ಗುಣದ ತಪ್ಪಿಲ್ಲ, ದೇವರ ಸಿಟ್ಟೂ ಅಲ್ಲ. ಡಾಕ್ಟರ್ ಇದನ್ನು ಚಿತ್ರ ಬರೆದು ತೋರಿಸಿದ ದಿನ ಚಿಗವ್ವ ಬಹಳ ಅತ್ತಳಂತೆ. “ಆ ಕೂಸಿಂದೂ ಇದ ಇದ್ದೀತೇನಕ್ಕ?” ಅಂತ ಅವ್ವನಿಗೆ ಫೋನಿನಲ್ಲಿ ಕೇಳಿದಳು. ಅವ್ವನಿಗೆ ಉತ್ತರ ಹೇಳಲಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಹರಕಿನೂ ಇರ್ಲಿ, ಡಾಕ್ಟರೂ ಇರ್ಲಿ. ಇವನ್ನ ಜ್ವಾಕಿ ಮಾಡು” ಅಂದಳು.

ಗೆಳೆಯರೇ, ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಬಿಡದ ಕೆಮ್ಮು, ಉಂಡರೂ ಸೊರಗು, ಜಿಡ್ಡಿನ ಮಲ, ಮುದ್ದು ಕೊಟ್ಟರೆ ಉಪ್ಪು ಇಷ್ಟೂ ಕೂಡಿದ ಕೂಸು ಇದ್ದರೆ ನಗಬೇಡಿ. ನಾನು ನಕ್ಕಿದ್ದೆ. ಡಾಕ್ಟರಿಗೆ ತೋರಿಸಿ, ಬೆವರಿನ ಪರೀಕ್ಷೆ ಬೇಕೇ ಎಂದು ಕೇಳಿರಿ. ಬರೀ ಉಪ್ಪು ಹತ್ತಿದರೆ ಅಂಜಬೇಡಿ, ಆಡಿ ಬಂದ ಎಲ್ಲ ಮಕ್ಕಳ ಮೈಯೂ ಉಪ್ಪೇ.

ಈ ಸಲ ಉರುಸಿಗೆ ತಮ್ಮ ಮತ್ತೆ ಬಂದಿದ್ದ. ಕೊರಳಲ್ಲಿ ನೀರಿನ ಬಾಟಲಿ ಇತ್ತು. ಕರು ದೊಡ್ಡದಾಗಿದೆ. ಆದರೂ ಅವನ ಕೈಯನ್ನೇ ಹುಡುಕಿಕೊಂಡು ಬಂತು.

ಉತ್ತರಿಸಿ ನೋಡೋಣ:
1. ಮಳೆಗಾಲದಲ್ಲಿ ಹರವಿ ನೀರು ಯಾಕೆ ಹೆಚ್ಚು ತಂಪಾಗುವುದಿಲ್ಲ?
2. ಮೈಯನ್ನು ತಂಪು ಮಾಡುವುದು ಬೆವರು ಬರುವುದೋ, ಆರುವುದೋ?
3. ಈ ರೋಗದ ಮಕ್ಕಳಿಗೆ ಬಾಯಾರಿಕೆಗೆ ಕಾಯದೆ ಯಾಕೆ ಕುಡಿಸಬೇಕು?

ತಪ್ಪುಗಳಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

9ನೇ ತರಗತಿಯ ವಿದ್ಯಾರ್ಥಿನಿ, ಯಮನೂರು