ಘಟ್ಟದ ದಾರಿಯ ವಾಂತಿ, ಗಾಡಿಯೊಳಗಿನ ವಿಷಗಾಳಿ

ರಜೆ ಬಂತೆಂದರೆ ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ಪ್ರವಾಸದ ಮಾತು. ವ್ಯಾನೊಂದನ್ನು ಗೊತ್ತುಮಾಡಿ, ಅಕ್ಕಿ, ಸ್ಟೌ, ಹಾಸಿಗೆ ತುಂಬಿಕೊಂಡು, ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಟ್ಟ ಇಳಿದು ಧರ್ಮಸ್ಥಳ, ಉಡುಪಿ, ಮಲ್ಪೆಯ ಕಡಲು ನೋಡಿ ಬರುವವರು ಬಹಳ. ಈಗ ಮಲಗುವ, ಅಡುಗೆ ಮಾಡುವ ಸೌಕರ್ಯವುಳ್ಳ ಕ್ಯಾರವಾನ್‌ಗಳೂ ಬಂದಿವೆ. ಹೊರಡುವ ಮುನ್ನ ವೈದ್ಯರನ್ನು ಎಲ್ಲರೂ ಕೇಳುವುದು ಒಂದೇ: ‘ವಾಂತಿ ಮಾತ್ರೆ ಬರೆದುಕೊಡಿ.’ ಅದರ ಜೊತೆಗೆ ಇನ್ನೊಂದು ಮಾತನ್ನೂ ನೀವು ತಿಳಿದಿರಬೇಕು.

ವಾಂತಿ ಏಕೆ?

ನಮ್ಮ ಒಳಕಿವಿಯಲ್ಲಿ ದೇಹದ ಸಮತೋಲವನ್ನು ಕಾಯುವ ಅಂಗವಿದೆ. ತಿರುವುಗಳಲ್ಲಿ ಅದು ‘ದೇಹ ಓಲಾಡುತ್ತಿದೆ’ ಎಂದು ಮೆದುಳಿಗೆ ತಿಳಿಸುತ್ತದೆ. ಮುಂದಿನ ಸೀಟನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ‘ಏನೂ ಅಲುಗಾಡುತ್ತಿಲ್ಲ’ ಎನ್ನುತ್ತದೆ. ಈ ಗೊಂದಲವೇ ತಲೆಸುತ್ತು, ಬೆವರು, ವಾಂತಿಗೆ ಮೂಲ. 2ರಿಂದ 12 ವರ್ಷದ ಮಕ್ಕಳಿಗೆ ಇದರ ತೊಂದರೆ ಹೆಚ್ಚು.

ಇಂಥವರನ್ನು ಆದಷ್ಟು ಮುಂಭಾಗದಲ್ಲಿ ಕೂರಿಸಿ, ದೂರದ ರಸ್ತೆಯನ್ನು ನೋಡಲು ಹೇಳಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ; ಎರಡು ಇಡ್ಲಿ ಸಾಕು. ಮಾತ್ರೆಯನ್ನು ತಿರುವು ಆರಂಭವಾಗುವ ಅರ್ಧದಿಂದ ಒಂದು ಗಂಟೆ ಮೊದಲೇ ನುಂಗಬೇಕು. ಹೊಟ್ಟೆ ತೊಳೆಸಿದ ಮೇಲೆ ನುಂಗಿದರೆ ಅದೂ ಹೊರಗೆ ಬಂದೀತು. ಈ ಮಾತ್ರೆಗಳು ನಿದ್ದೆ ತರುವುದರಿಂದ ಚಾಲಕ ಸೇವಿಸಲೇಬಾರದು. 2 ವರ್ಷದೊಳಗಿನ ಮಕ್ಕಳಿಗೂ, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರಿಗೂ ವೈದ್ಯರನ್ನು ಕೇಳದೆ ಕೊಡಬೇಡಿ.

ನಿಂತ ಗಾಡಿಯಲ್ಲೂ ವಾಂತಿಯೇ?

ಇಲ್ಲಿ ಎಚ್ಚರ ಬೇಕು. ಗಾಡಿ ನಿಂತಿದ್ದರೂ ಒಳಗಿದ್ದ ಹಲವರಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ಅದು ಘಟ್ಟದ ವಾಂತಿಯಲ್ಲ. ಕಾರ್ಬನ್ ಮೊನಾಕ್ಸೈಡ್ ವಿಷವಿರಬಹುದು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನಿಂದ ಹೊರಟ ಈ ಅನಿಲ ಒಳಗೆ ಸೇರಿದ್ದೇ ಕಾರಣವೆಂದು ತಜ್ಞರ ಪರೀಕ್ಷೆಯಲ್ಲಿ ತಿಳಿದುಬಂತು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರು ಎಚ್ಚರವಾಗದೆಯೇ ಪ್ರಾಣ ಬಿಡಬಹುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ‘ಎಲ್ಲ ಸರಿಯಿದೆ’ ಎಂದು ತಪ್ಪು ತೋರಿಸಬಹುದು.

ಮರೆಯಬಾರದ ನಿಯಮಗಳು

ಎ.ಸಿ.ಗಾಗಿ ಎಂಜಿನ್ ಓಡಿಸುತ್ತಾ ನಿಂತ ಗಾಡಿಯಲ್ಲಿ ಮಲಗಬೇಡಿ. ಕೆಮ್ಮಣ್ಣುಗುಂಡಿಯ ಚಳಿಗೆ, ಆಗುಂಬೆಯ ಮಳೆಗೆ ಹೆದರಿ ಕೆಂಡದ ಬಾಣಲೆಯನ್ನಾಗಲಿ, ಸ್ಟೌವನ್ನಾಗಲಿ ಒಳಗಿಟ್ಟು ಬಾಗಿಲು ಮುಚ್ಚಬೇಡಿ. ಕಿಟಕಿಯನ್ನು ಒಂದು ಬೆರಳು ತೆರೆದಿಟ್ಟರೆ ಸಾಲದು. ಜನರೇಟರ್ ಗಾಡಿಯಿಂದ ದೂರವಿರಲಿ. ಹೊರಡುವ ಮೊದಲು ಸೈಲೆನ್ಸರ್ ಸೋರುತ್ತಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ.

ಅನುಮಾನ ಬಂದ ಕೂಡಲೇ ಎಲ್ಲರನ್ನೂ ಬಯಲಿಗೆ ಕರೆತನ್ನಿ, ಎಂಜಿನ್ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಹೊರಗಿನ ಗಾಳಿಗೆ ಬಂದು ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಇದಕ್ಕೆ ಔಷಧವೆಂದರೆ ಆಮ್ಲಜನಕ. ನಿಂಬೆಹಣ್ಣು ಮೂಸಿಸುತ್ತಾ ಕಾಲ ಕಳೆಯಬೇಡಿ.

ವಾಂತಿ ಮಾಡಿಕೊಂಡ ಮಗು ಕಡಲು ಕಂಡೊಡನೆ ಎಲ್ಲವನ್ನೂ ಮರೆತು ಆಡುತ್ತದೆ. ಆದರೆ ವಿಷಗಾಳಿ ಎರಡನೆಯ ಅವಕಾಶ ಕೊಡುವುದು ಕಡಿಮೆ. ರಾತ್ರಿಯಾದರೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ; ಆಮೇಲೆ ನಿದ್ದೆ.